ಸಣ್ಣ ಕಾರಿನ ಹಿಂದೆ ಹಗುರ ಕ್ಯಾಂಪರ್: ತೂಕ, ಉಪ್ಪುಗಾಳಿ ಮತ್ತು ಮುಕ್ಕಾಲು ಮೀಟರಿನ ಲೆಕ್ಕ

ಮೂಲ್ಕಿ ದಾಟಿ ಹೆಜಮಾಡಿ ಹತ್ತಿರ ಬಂದಿದ್ದೆವು. ವೇಗ ಎಪ್ಪತ್ತರ ಆಸುಪಾಸಿನಲ್ಲಿತ್ತು. ಗೆಳೆಯನ ಕಾಂಪ್ಯಾಕ್ಟ್ ಎಸ್‌ಯುವಿ, ಅದರ ಹಿಂದೆ ಅವನು ಹೊಸದಾಗಿ ಮಾಡಿಸಿದ ಸಣ್ಣ ಟ್ರೇಲರ್, ಟ್ರೇಲರಿನ ಒಳಗೆ ಅವನ ಬೈಕು. ಬಲಗಡೆಯಿಂದ ಎಕ್ಸ್‌ಪ್ರೆಸ್ ಬಸ್ಸೊಂದು ಹಾರ್ನ್ ಹೊಡೆಯುತ್ತ ದಾಟಿ ಹೋಯಿತು. ಅದರ ಗಾಳಿ ಬಡಿದದ್ದೇ ತಡ, ಟ್ರೇಲರಿನ ಹಿಂಭಾಗ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಮೊದಲಿಗಿಂತ ಜೋರಾಗಿ ಎಡಕ್ಕೆ ಹೋಯಿತು. ಕಾರಿನ ಸೊಂಟ ಹಿಡಿದು ಯಾರೋ ಅಲ್ಲಾಡಿಸಿದ ಹಾಗೆ. ಗೆಳೆಯ ಬ್ರೇಕ್ ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೇರವಾಗಿ ಗಟ್ಟಿ ಹಿಡಿದ. ಐವತ್ತಕ್ಕೆ ಇಳಿಯುವಷ್ಟರಲ್ಲಿ ಅಲುಗಾಟ ನಿಂತಿತು. ಆ ಹೊತ್ತಿಗೆ ಅವನು ಹೆದರಿ ಬ್ರೇಕ್ ಒತ್ತಿದ್ದರೆ ಟ್ರೇಲರ್ ಕಾರನ್ನೇ ತಿರುಗಿಸಿ ಹಾಕುತ್ತಿತ್ತು.

ಬದಿಗೆ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದೆವು. ಬೈಕು ರ‍್ಯಾಂಪಿಗೆ ತಾಗಿಕೊಂಡು, ಟ್ರೇಲರಿನ ಕಟ್ಟಕಡೆಯಲ್ಲಿ ನಿಂತಿತ್ತು. ಹತ್ತಿಸಲು, ಕಟ್ಟಲು ಅಲ್ಲೇ ಸುಲಭ ಎಂದು ಅಲ್ಲಿ ನಿಲ್ಲಿಸಿದ್ದು. ಬೆಲ್ಟ್ ಬಿಚ್ಚಿ, ಮುಕ್ಕಾಲು ಮೀಟರ್ ಮುಂದೆ ತಳ್ಳಿ, ಮತ್ತೆ ಬಿಗಿದೆವು. ಅಲ್ಲಿಂದ ಮರವಂತೆಯವರೆಗೆ ಎಷ್ಟು ಬಸ್ಸು ದಾಟಿದರೂ ಟ್ರೇಲರ್ ಕದಲಲಿಲ್ಲ. ತೂಕದಲ್ಲಿ ಒಂದು ಗ್ರಾಮೂ ಕಡಿಮೆಯಾಗಿರಲಿಲ್ಲ.

ಸಣ್ಣ ಕಾರಿಗೆ ಕ್ಯಾಂಪರ್ ಬೇಕು ಎನ್ನುವವರು ಮೊದಲು ಕೇಳುವುದು, "ಎಷ್ಟು ಕೆ.ಜಿ. ಉಂಟು? ನನ್ನ ಕಾರಲ್ಲಿ ಎಳೀಲಿಕ್ಕೆ ಆಗ್ತದಾ?" ಎಂದು. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಆ ಕೆ.ಜಿ. ಎಲ್ಲಿ ಕೂತಿದೆ, ನಾಲ್ಕು ಮಳೆಗಾಲ ಕಳೆದ ಮೇಲೂ ಅದು ಅಷ್ಟೇ ಇರುತ್ತದಾ ಎಂಬ ಎರಡು ಪ್ರಶ್ನೆಗಳು ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಮುಖ್ಯ. ಇವನ್ನು ಕೇಳದೆ ಲಕ್ಷಗಟ್ಟಲೆ ಸುರಿದವರನ್ನು ನೋಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಲ್ಲಿನ ಹಗುರ, ಇಲ್ಲಿನ ಹಗುರ

ಕ್ಯಾಂಪರ್ ಅಂದರೆ ಒಳಗೆ ಮಲಗಲು, ಚಹಾ ಕಾಯಿಸಲು ವ್ಯವಸ್ಥೆ ಇರುವ, ಕಾರಿಗೆ ಕಟ್ಟಿ ಎಳೆಯುವ ಟ್ರೇಲರ್. ಟಾಯ್ ಹಾಲರ್ ಅದರದೇ ಒಂದು ಜಾತಿ. ಅದರ ಹಿಂದಿನ ಗೋಡೆ ಕೆಳಕ್ಕೆ ಮಡಚಿಕೊಂಡು ರ‍್ಯಾಂಪ್ ಆಗುತ್ತದೆ. ಬೈಕನ್ನೋ ಕಯಾಕನ್ನೋ ಒಳಗೆ ತಳ್ಳಿ ಕಟ್ಟಬಹುದು. ಮುಟ್ಟಬೇಕಾದಲ್ಲಿಗೆ ಮುಟ್ಟಿ ಬೈಕ್ ಇಳಿಸಿದರೆ, ಅದೇ ಜಾಗದಲ್ಲಿ ಗೋಡೆಗೆ ಮಡಚಿಟ್ಟ ಹಾಸಿಗೆ ಬಿಚ್ಚಿಕೊಳ್ಳುತ್ತದೆ. ಅಮೆರಿಕದವರು ಬೈಕು, ಕಚ್ಚಾದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಎಟಿವಿಗಳನ್ನು ದೊಡ್ಡವರ ಆಟಿಕೆ ಎಂದು ಕರೆಯುವುದರಿಂದ ಬಂದ ಹೆಸರು ಇದು. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಮಾಡುವವರಿಗೆ, ಬೈಕಿನಲ್ಲಿ ಘಟ್ಟದ ಕಚ್ಚಾದಾರಿ ಸುತ್ತುವವರಿಗೆ ಹೇಳಿ ಮಾಡಿಸಿದ ಗಾಡಿ.

ತೊಂದರೆ ಇರುವುದು ಅಳತೆಯಲ್ಲಿ. ಅಮೆರಿಕದ ದೊಡ್ಡ ಪಿಕಪ್‌ಗಳು ಮೂರು ಸಾವಿರ ಕೆ.ಜಿ.ಗೂ ಮಿಕ್ಕಿ ಎಳೆಯುತ್ತವೆ. ಆದ್ದರಿಂದ ಅಲ್ಲಿನವರು 1,500 ಕೆ.ಜಿ.ಯ ಕ್ಯಾಂಪರನ್ನು ಹಗುರ ಎನ್ನುತ್ತಾರೆ. ನಮ್ಮ ಬ್ರೆಝಾ, ಕ್ರೆಟಾ ಸೈಜಿನ ಗಾಡಿಗಳ ಸ್ವಂತ ತೂಕವೇ ಸುಮಾರು 1,100ರಿಂದ 1,300 ಕೆ.ಜಿ. ಅಷ್ಟು ಭಾರ ಹಿಂದೆ ಕಟ್ಟಿದರೆ ನಾಯಿಯನ್ನು ಬಾಲವೇ ಅಲ್ಲಾಡಿಸಿದ ಹಾಗಾಗುತ್ತದೆ. ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳಿಕೊಡುವ ರೂಢಿಯ ಲೆಕ್ಕವೊಂದಿದೆ: ತುಂಬಿದ ಟ್ರೇಲರಿನ ತೂಕ ಕಾರಿನ ತೂಕದ 85 ಶೇಕಡಾ ದಾಟಬಾರದು. ಕಾರು ತಯಾರಿಸಿದವರು ಅದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಮಾತೇ ಅಂತಿಮ. ಯುರೋಪಿನಲ್ಲಿ 750 ಕೆ.ಜಿ. ಒಟ್ಟು ತೂಕದವರೆಗಿನ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯವಲ್ಲ. ಬಯಲುನಾಡಿಗೆ ಅದು ಸರಿಹೋದೀತು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಘಟ್ಟ ಇರುವ ನಮಗೆ ತುಂಬಿದ ತೂಕ 500–600 ಕೆ.ಜಿ.ಯ ಒಳಗಿರಬೇಕು, ಅಷ್ಟಿದ್ದರೂ ಬ್ರೇಕ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

"ತುಂಬಿದ ತೂಕ" ಎಂದು ಒತ್ತಿ ಹೇಳಲು ಕಾರಣವಿದೆ. ಜಾಹೀರಾತಿನಲ್ಲಿ ಕಾಣುವುದು ಖಾಲಿ ತೂಕ. ಅದರಲ್ಲಿ ನೀರಿಲ್ಲ, ಗ್ಯಾಸ್ ಇಲ್ಲ, ಎಷ್ಟೋ ಸಲ ಬ್ಯಾಟರಿಯೂ ಇರುವುದಿಲ್ಲ. ಒಂದು ಲೀಟರ್ ನೀರು ಒಂದು ಕೆ.ಜಿ.; 60 ಲೀಟರಿನ ಟ್ಯಾಂಕ್ ತುಂಬಿಸಿದರೆ ಒಬ್ಬ ಮನುಷ್ಯನನ್ನು ಹತ್ತಿಸಿಕೊಂಡ ಹಾಗೆ. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಮೂವತ್ತು ಕೆ.ಜಿ. ಹತ್ತಿರ ತೂಗುತ್ತದೆ, ಅಷ್ಟೇ ಸಾಮರ್ಥ್ಯದ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಹನ್ನೊಂದು-ಹನ್ನೆರಡು. 18 ಮಿ.ಮೀ. ಪ್ಲೈವುಡ್ಡಿನ ಎಂಟು-ನಾಲ್ಕರ ಒಂದು ಹಲಗೆ 35 ಕೆ.ಜಿ. ಆಸುಪಾಸು. ಮನೆಯ ಅಡುಗೆಕೋಣೆಗೆ ಕಪಾಟು ಮಾಡುವ ಬಡಗಿಯ ಕೈಗೆ ಕ್ಯಾಂಪರ್ ಕೊಟ್ಟರೆ ಅವರು ಪ್ರೀತಿಯಿಂದ, ಗಟ್ಟಿಯಾಗಿ, ಇಂಥ ನಾಲ್ಕು ಹಲಗೆ ಒಳಗೆ ಸೇರಿಸಿಬಿಡುತ್ತಾರೆ. 140 ಕೆ.ಜಿ. ಅಲ್ಲೇ ಹೋಯಿತು.

ಮೂತಿಭಾರ

ಹೆಜಮಾಡಿಯಲ್ಲಿ ನಡೆದದ್ದು ಏನು? ಮರುದಿನ ಮನೆಯಂಗಳದಲ್ಲಿ ಅಳೆದು ನೋಡಿದೆವು. ಬೇಕಾದದ್ದು ಬಚ್ಚಲಿನಲ್ಲಿಡುವ ತೂಕದ ಯಂತ್ರ ಮತ್ತು ಒಂದು ಮರದ ತುಂಡು. ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿಗೆ ಸಿಕ್ಕಿಸುವ ಮುಂದಿನ ತುದಿಯನ್ನು ಮರದ ತುಂಡಿನ ಮೂಲಕ ಯಂತ್ರದ ಮೇಲೆ ಕೂರಿಸಬೇಕು. ಎತ್ತರ ಕಾರಿಗೆ ಕಟ್ಟಿದಾಗ ಇರುವಷ್ಟೇ ಇರಬೇಕು. ಯಂತ್ರ ತೋರಿಸುವ ಅಂಕಿಯೇ ಟ್ರೇಲರಿನ ಮೂತಿ ಕಾರಿನ ಮೇಲೆ ಹೊರಿಸುವ ಭಾರ. ನಾವು ಅದನ್ನು ಮೂತಿಭಾರ ಎಂದು ಕರೆದುಕೊಂಡಿದ್ದೇವೆ.

ಖಾಲಿ ಟ್ರೇಲರ್ 380 ಕೆ.ಜಿ. ಮೂತಿಭಾರ 45. ಮೂತಿಯಿಂದ ಆಕ್ಸಲಿಗೆ, ಅಂದರೆ ಚಕ್ರಗಳ ಅಚ್ಚಿಗೆ, ಎರಡೂವರೆ ಮೀಟರ್. ಬೈಕು 160 ಕೆ.ಜಿ. ಅದು ಹಿಂದೆ ನಿಂತಿದ್ದಾಗ ಅದರ ಭಾರದ ನಡುಬಿಂದು ಆಕ್ಸಲಿನಿಂದ 60 ಸೆಂ.ಮೀ. ಹಿಂದಿತ್ತು. ಏತದ ಲೆಕ್ಕ ಹಾಕಿ: 160ನ್ನು 0.6ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 38. ಅಷ್ಟು ಕೆ.ಜಿ.ಯಷ್ಟು ಬೈಕು ಮೂತಿಯನ್ನು ಮೇಲಕ್ಕೆತ್ತುತ್ತಿತ್ತು. ಯಂತ್ರದಲ್ಲಿ ಉಳಿದದ್ದು ಏಳು ಕೆ.ಜಿ. 540 ಕೆ.ಜಿ.ಯ ಗಾಡಿ ಕಾರಿನ ಮೇಲೆ ಒಂದು ಕುಚ್ಚಲಕ್ಕಿ ಚೀಲದಷ್ಟೂ ಕೂತಿರಲಿಲ್ಲ. ಬೈಕನ್ನು ಆಕ್ಸಲಿನಿಂದ 15 ಸೆಂ.ಮೀ. ಮುಂದಕ್ಕೆ ತಂದಾಗ ಯಂತ್ರ 55 ಹತ್ತಿರ ತೋರಿಸಿತು. ಒಟ್ಟು ತೂಕದ ಹತ್ತರಲ್ಲೊಂದು ಪಾಲು.

ಹತ್ತು ಶೇಕಡಾ ಎಂಬುದು ಅಮೆರಿಕದ ರೂಢಿ. ಅಲ್ಲಿ 10ರಿಂದ 15 ಎನ್ನುತ್ತಾರೆ. ಯುರೋಪಿನಲ್ಲಿ 5ರಿಂದ 7 ಸಾಕು ಎನ್ನುತ್ತಾರೆ, ಅಲ್ಲಿನ ಟ್ರೇಲರುಗಳ ಭಾರ ಆಕ್ಸಲಿನ ಸುತ್ತಲೇ ಹೆಚ್ಚಾಗಿ ಕೂತಿರುತ್ತದೆ, ವೇಗವೂ ಕಡಿಮೆ. ಒಂದು ಶೇಕಡಾ ಮಾತ್ರ ಯಾವ ದೇಶದಲ್ಲೂ ಸಲ್ಲದು.

ಕಾರಣ ಕಷ್ಟದ್ದಲ್ಲ. ಎತ್ತಿನ ಗಾಡಿ ಕಟ್ಟಿದ ಹಿರಿಯರಿಗೆ ಗೊತ್ತಿದ್ದದ್ದೇ: ಮೂಟೆ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ, ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಭಾರದ ನಡುಬಿಂದು ಆಕ್ಸಲಿಗಿಂತ ಸಾಕಷ್ಟು ಮುಂದಿದ್ದರೆ, ಗಾಳಿ ಟ್ರೇಲರನ್ನು ಪಕ್ಕಕ್ಕೆ ತಳ್ಳಿದಾಗ ಚಕ್ರಗಳ ಹಿಡಿತವೇ ಅದನ್ನು ಮತ್ತೆ ನೇರಕ್ಕೆ ಎಳೆದು ತರುತ್ತದೆ. ಬಿಂದು ಹಿಂದಕ್ಕೆ ಸರಿದಷ್ಟೂ ಆ ಎಳೆತ ಸೋಲುತ್ತದೆ, ಪ್ರತಿ ತೂಗಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ವೇಗ ಹೆಚ್ಚಿದಂತೆ ಇದು ಇನ್ನೂ ಬೇಗ ಕೆರಳುತ್ತದೆ. ಐವತ್ತರಲ್ಲಿ ಸಾಧುವಾಗಿ ಬರುವ ಟ್ರೇಲರ್ ಎಪ್ಪತ್ತೈದರಲ್ಲಿ ಹುಚ್ಚೆದ್ದು ಕುಣಿಯುವುದು ಹೀಗೆ.

ಟಾಯ್ ಹಾಲರ್ ಈ ವಿಷಯದಲ್ಲಿ ಸಾಮಾನ್ಯ ಕ್ಯಾಂಪರಿಗಿಂತ ಅಪಾಯಕಾರಿ. ಅದರ ಬಾಗಿಲೇ ಹಿಂದೆ. ಅದರ ಅತಿ ಭಾರದ ವಸ್ತು ದಿನಕ್ಕೊಮ್ಮೆ ಹತ್ತುತ್ತದೆ, ಇಳಿಯುತ್ತದೆ. ಬೈಕಿಲ್ಲದೆ ಚೆನ್ನಾಗಿ ಓಡುವಂತೆ ಮಾಡಿದ ಗಾಡಿ ಬೈಕು ಹತ್ತಿದಾಗ ಕೆಡಬಹುದು. ಮಾಡಿಸುವಾಗಲೇ ಬೈಕಿನ ಜಾಗ ಮೊದಲು ಗುರುತಿಸಿ, ಅದರ ಕೆಳಗೆ ಆಕ್ಸಲ್ ಎಲ್ಲಿ ಬರಬೇಕೆಂದು ಆಮೇಲೆ ತೀರ್ಮಾನಿಸಬೇಕು. ನೀರಿನ ಟ್ಯಾಂಕ್ ಆಕ್ಸಲಿನ ನೇರಕ್ಕೆ ಇದ್ದರೆ ಅದು ತುಂಬಿದರೂ ಬರಿದಾದರೂ ಮೂತಿಭಾರ ಬದಲಾಗದು. ಗೆಳೆಯ ಈಗ ಟ್ರೇಲರಿನ ನೆಲಕ್ಕೆ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದಾನೆ. ಬೈಕಿನ ಮುಂದಿನ ಚಕ್ರ ಆ ಗೆರೆ ಮುಟ್ಟದೆ ಅವನು ಬಾಗಿಲು ಹಾಕುವುದಿಲ್ಲ.

ಹಾಗೆಂದು ಮೂತಿಯ ಮೇಲೆ ಭಾರ ಸುರಿಯುವುದೂ ತಪ್ಪು. ಕಾರಿನ ಹಿಂದಿನ ಚಕ್ರದಿಂದ ಒಂದು ಮೀಟರ್ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಕ್ಕೆ ಇದೆ, ಕಾರಿನ ಮುಂದಿನ, ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದೆ ಅಂದುಕೊಳ್ಳಿ. ಅಲ್ಲಿ 60 ಕೆ.ಜಿ. ಕೂತರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 84 ಕೆ.ಜಿ.; ಮುಂದಿನ ಚಕ್ರಗಳಿಂದ 24 ಕೆ.ಜಿ. ಮೇಲೇಳುತ್ತದೆ. ನಮ್ಮ ಹೆಚ್ಚಿನ ಸಣ್ಣ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ. ಜುಲೈಯ ಮಳೆಯಲ್ಲಿ ಏರುದಾರಿಯಲ್ಲಿ ನಿಂತು ಹೊರಡುವಾಗ ಅವು ಜಾರಿ ತಿರುಗಲು ಇಷ್ಟು ಸಾಕು.

ಮಲ್ಪೆಯ ದೋಣಿ, ವಿನ್ನಿಪೆಗ್‌ನ ಮೊಟ್ಟೆ

ಇನ್ನು ಗೋಡೆ, ಮಾಡು. ಹಗುರವಾಗಿಯೂ ಬಾಳಿಕೆ ಬರುವಂತೆಯೂ ಕಟ್ಟುವುದು ಹೇಗೆ ಎಂಬಲ್ಲಿ ನಮ್ಮ ಊರಿಗೆ ಬೇರೆಯವರಿಂದ ಕಲಿಯುವುದು ಕಡಿಮೆ. ಹಾಗೆ ಹೇಳಲು ನನಗೆ ಹೆಮ್ಮೆ.

ಹಳೆಯ ಪದ್ಧತಿ, ಮರದ ಚೌಕಟ್ಟಿಗೆ ತೆಳು ತಗಡು ಹೊಡೆಯುವುದು. ಅಗ್ಗ, ಎಲ್ಲಿ ಬೇಕಾದರೂ ರಿಪೇರಿ ಮಾಡಬಹುದು. ಆದರೆ ಪ್ರತಿ ಮೊಳೆಯೂ ಪ್ರತಿ ಜೋಡಣೆಯೂ ನೀರಿಗೆ ಒಂದೊಂದು ಬಾಗಿಲು. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟುವ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಳಗೆ ಸೇರಿದ ನೀರು ಆರುವ ಮೊದಲೇ ಮುಂದಿನ ಮಳೆ. ಮರ ನೀರು ಕುಡಿದು ಭಾರವಾಗುತ್ತದೆ, ಬೂಸ್ಟು ಹಿಡಿಯುತ್ತದೆ, ಮೊಳೆ ಸಡಿಲವಾಗುತ್ತದೆ. ಕೊಂಡ ದಿನ ಹಗುರವಾಗಿದ್ದ ಗಾಡಿ ಮೂರನೇ ವರ್ಷಕ್ಕೆ ಹಗುರವೂ ಅಲ್ಲ, ಗಟ್ಟಿಯೂ ಅಲ್ಲ.

ಇದಕ್ಕೆ ಉತ್ತರ 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಸಿಕ್ಕಿತು. ಬೋಲರ್ ಎಂಬ ಹೆಸರಿನ ಹದಿಮೂರು ಅಡಿಯ ಪುಟ್ಟ ಕ್ಯಾಂಪರ್, ಪೂರ್ತಿ ಫೈಬರ್‌ಗ್ಲಾಸಿನದು. ಮೇಲಿನ ಅರ್ಧ ಒಂದು ಮೋಲ್ಡಿನಲ್ಲಿ, ಕೆಳಗಿನ ಅರ್ಧ ಇನ್ನೊಂದರಲ್ಲಿ ಎರಕ ಹೊಯ್ದ ಹಾಗೆ ತಯಾರಾಗುತ್ತಿತ್ತು. ನಡುವಿನಲ್ಲಿ ಸುತ್ತಲೂ ಒಂದೇ ಜೋಡಣೆ. ತೂಕ 400 ಕೆ.ಜಿ. ಆಸುಪಾಸು, ಆ ಕಾಲದ ಸಣ್ಣ ಕಾರುಗಳೇ ಎಳೆಯುತ್ತಿದ್ದವು. ನೋಡಲು ಮೊಟ್ಟೆಯಂತೆ. ಅರ್ಧ ಶತಮಾನ ಕಳೆದರೂ ಅಂಥವು ಇಂದಿಗೂ ರಸ್ತೆಯಲ್ಲಿವೆ.

ಅದನ್ನು ಮೊದಲ ಸಲ ಚಿತ್ರದಲ್ಲಿ ನೋಡಿದಾಗ ನನಗೆ ನೆನಪಾದದ್ದು ಮಲ್ಪೆಯ ಫೈಬರ್ ದೋಣಿ. ದೋಣಿ ಕಟ್ಟುವ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಿಂತು ನೋಡಿದ್ದೇನೆ. ಮೋಲ್ಡಿಗೆ ಮೊದಲು ವ್ಯಾಕ್ಸ್ ಉಜ್ಜಿ ಕನ್ನಡಿಯಂತೆ ಹೊಳೆಯಿಸುತ್ತಾರೆ. ಅದರ ಮೇಲೆ ಬಣ್ಣದ ಜೆಲ್‌ಕೋಟ್. ಅದು ಬೆರಳಿಗೆ ಅಂಟುವ ಹದಕ್ಕೆ ಬಂದಾಗ ಗಾಜಿನ ನೂಲಿನ ಮ್ಯಾಟ್ ಹಾಸಿ, ಹಾರ್ಡ್‌ನರ್ ಬೆರೆಸಿದ ರೆಸಿನ್ನನ್ನು ಬ್ರಷ್ಷಿನಿಂದ ಕುಡಿಸುತ್ತಾರೆ. ಬಿಳಿ ಮ್ಯಾಟ್ ನೆನೆದು ಪಾರದರ್ಶಕವಾಗುತ್ತ ಹೋಗುತ್ತದೆ. ಆಮೇಲೆ ಗೀರುಗಳಿರುವ ಕಬ್ಬಿಣದ ಸಣ್ಣ ರೋಲರಿನಿಂದ ಒತ್ತಿ ಒತ್ತಿ ಗುಳ್ಳೆ ಹೊರಡಿಸುತ್ತಾರೆ. ಮೂಗಿಗೆ ಅಡರುವ ರೆಸಿನ್ ವಾಸನೆಯಲ್ಲೇ ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ರೋಲರ್ ನಿಲ್ಲಿಸದೆ ಹೇಳಿದರು: "ಒಂದು ಗುಳ್ಳೆ ಉಳಿದ್ರೆ ಸಾಕು ಮಾರಾಯ್ರೆ, ನಾಳೆ ನೀರು ಅಲ್ಲಿಂದ್ಲೇ ಬರೋದು. ಜೋಡಣೆ ಇಲ್ಲದಿದ್ರೆ ನೀರಿಗೆ ದಾರಿಯೇ ಇಲ್ಲ." ಕ್ಯಾಂಪರ್ ಬಾಳಿಕೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಎರಡು ಮಾತು ನನಗೆ ಹೆಚ್ಚು ತಿಳಿಸಿಕೊಟ್ಟವು.

ತೂಕದಲ್ಲೂ ಇದು ಲಾಭವೇ. 4 ಮಿ.ಮೀ. ಫೈಬರ್ ಪದರ ಚದರ ಮೀಟರಿಗೆ ಆರು ಕೆ.ಜಿ. ಸುಮಾರು, 12 ಮಿ.ಮೀ. ಪ್ಲೈವುಡ್ ಎಂಟಕ್ಕೆ ಹತ್ತಿರ, 1.2 ಮಿ.ಮೀ. ಉಕ್ಕಿನ ತಗಡು ಒಂಬತ್ತು ದಾಟುತ್ತದೆ. ಅಲ್ಯುಮಿನಿಯಂ ಉಕ್ಕಿನ ಮೂರರಲ್ಲೊಂದು ತೂಕ ನಿಜ, ಆದರೆ ಅದರ ಬಿರುಸೂ, ಅಂದರೆ ಬಾಗದೆ ನಿಲ್ಲುವ ಗುಣವೂ, ಸುಮಾರು ಮೂರರಲ್ಲೊಂದೇ. ಹಾಗಾಗಿ ಬರೀ ತಗಡು ಸಾಲದು, ಒಳಗೆ ಚೌಕಟ್ಟು ಬೇಕು. ಮೋಲ್ಡಿನಲ್ಲಿ ಬಂದ ಫೈಬರಿಗೆ ಅದರ ಬಾಗಿದ ಆಕಾರವೇ ಚೌಕಟ್ಟು.

ಇನ್ನೂ ಹಗುರ ಬೇಕಾದರೆ ಸ್ಯಾಂಡ್‌ವಿಚ್ ಪ್ಯಾನೆಲ್. ಎರಡು ತೆಳು ಪದರ, ನಡುವೆ ಫೋಮ್. ಅಂಗಡಿಯಿಂದ ಸಾಮಾನು ಬರುವ ರಟ್ಟಿನ ಪೆಟ್ಟಿಗೆಯನ್ನು ಹರಿದು ನೋಡಿ. ಎರಡು ಕಾಗದ, ನಡುವೆ ಅಲೆಯಲೆಯಾದ ಇನ್ನೊಂದು ಕಾಗದ. ಮೂರನ್ನೂ ಒಂದರ ಮೇಲೊಂದು ಚಪ್ಪಟೆ ಅಂಟಿಸಿದರೆ ಬಾಗುತ್ತದೆ, ನಡುವೆ ಅಂತರ ಕೊಟ್ಟರೆ ಸೆಟೆದು ನಿಲ್ಲುತ್ತದೆ. 3 ಮಿ.ಮೀ. ಫೈಬರನ್ನು ಒಂದೂವರೆಯಂತೆ ಎರಡು ಪದರ ಮಾಡಿ ನಡುವೆ 25 ಮಿ.ಮೀ. ಫೋಮ್ ಇಟ್ಟರೆ ಬಿರುಸು ಲೆಕ್ಕದಲ್ಲಿ ಇನ್ನೂರು ಪಟ್ಟು ದಾಟುತ್ತದೆ. ಫೋಮ್ ಒಳಗೊಳಗೇ ಸ್ವಲ್ಪ ಜಾರುವುದರಿಂದ ನಿಜದಲ್ಲಿ ಅಷ್ಟು ಸಿಗದು, ಆದರೂ ಸಿಗುವುದು ಬಹಳ. ಫೋಮಿನ ತೂಕ ಚದರ ಮೀಟರಿಗೆ ಒಂದು ಕೆ.ಜಿ. ಮಾತ್ರ, ಜೊತೆಗೆ ಏಪ್ರಿಲ್‌ನ ಬಿಸಿಲನ್ನೂ ಅದು ತಡೆಯುತ್ತದೆ.

ಇದರ ಶತ್ರು ಒಂದೇ: ಅಂಚಿನಿಂದ ನುಗ್ಗುವ ನೀರು. ಒಳಗಿನ ಅಂಟು ಬಿಟ್ಟು ಪದರ ಉಬ್ಬುತ್ತದೆ. ಹಳೆಯ ಕ್ಯಾಂಪರ್ ಕೊಳ್ಳುವವರು ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಗೋಡೆಯನ್ನು ಅಡಿಯಿಂದ ಮುಡಿಯವರೆಗೆ ಬೆರಳಗೆಣ್ಣಿನಿಂದ ಬಡಿದು ನೋಡಬೇಕು. ಗಟ್ಟಿ ಸದ್ದು ಬರುತ್ತಿದ್ದ ಗೋಡೆ ಒಂದೆಡೆ ಡಬಡಬ ಎಂದರೆ ಅಲ್ಲಿ ಪದರ ಬಿಟ್ಟಿದೆ. ಕಿಟಕಿಯ ಕೆಳಗಿನ ಮೂಲೆ, ಮಾಡಿನ ಗಾಳಿಕಿಂಡಿಯ ಸುತ್ತ ಹೆಚ್ಚು ನೋಡಬೇಕು. ಜೋಡಣೆ ಇಲ್ಲದ ಗೋಡೆಗೂ ಕಿಟಕಿಗಾಗಿ ತೂತು ಕೊರೆಯಲೇಬೇಕಲ್ಲ. ಆ ತೂತುಗಳ ಅಂಚಿಗೆ ಎಂದಿಗೂ ಮೆದುವಾಗಿಯೇ ಉಳಿಯುವ ಬ್ಯುಟೈಲ್ ಟೇಪ್ ಹಾಕುವುದು ಒಳ್ಳೆಯದು. ಸಿಲಿಕೋನ್ ಒಮ್ಮೆ ಬಿಟ್ಟರೆ ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ.

ಕೆಳಗಿನ ಕಬ್ಬಿಣ

ಸಮುದ್ರದ ಹತ್ತಿರ ಮನೆ ಇದ್ದವರಿಗೆ ಉಪ್ಪುಗಾಳಿಯ ವಿಷಯ ಹೇಳಿಕೊಡಬೇಕಿಲ್ಲ. ಗೇಟಿನ ಕೊಂಡಿ, ಸ್ಕೂಟರಿನ ರಿಮ್ಮು ಏನಾಗುತ್ತವೆ ಎಂದು ದಿನವೂ ನೋಡುತ್ತೇವೆ. ಟ್ರೇಲರಿನ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬಣ್ಣ ಸಾಲದು, ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಬೇಕು. ಅದಕ್ಕೂ ಕ್ರಮವಿದೆ. ಎಲ್ಲ ವೆಲ್ಡಿಂಗ್, ಎಲ್ಲ ತೂತು ಮುಗಿಸಿದ ಮೇಲೆಯೇ ಕರಗಿದ ಸತುವಿನಲ್ಲಿ ಅದ್ದಬೇಕು. ಆಮೇಲೆ ಒಂದು ತೂತು ಕೊರೆದರೂ ತುಕ್ಕು ಅಲ್ಲಿಂದಲೇ ಶುರು. ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ನೇರ ತಾಗಿದಲ್ಲಿ, ನಡುವೆ ಉಪ್ಪುನೀರು ಸೇರಿದರೆ, ಅದೊಂದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ. ನಡುವೆ ರಬ್ಬರೋ ನೈಲಾನೋ ಇಡಬೇಕು. ಸ್ಕ್ರೂ, ಬೋಲ್ಟುಗಳಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಉಪ್ಪಿಗೆ ತಾಳುತ್ತದೆ. ವಯರಿಂಗಿಗೆ ದೋಣಿಯವರು ಬಳಸುವ, ಕಲಾಯಿ ಹಾಕಿದ ತಾಮ್ರದ ತಂತಿ. ಬರೀ ತಾಮ್ರ ಎರಡು ವರ್ಷದಲ್ಲಿ ಹಸಿರು ಹಿಡಿದು ಹಿಂದಿನ ದೀಪ ಮಿಣಮಿಣ ಅನ್ನತೊಡಗುತ್ತದೆ.

ಆಕ್ಸಲಿನಲ್ಲಿ ಎರಡು ಆಯ್ಕೆ. ಲೀಫ್ ಸ್ಪ್ರಿಂಗಿಗೆ ತುಕ್ಕು ಬೇಗ, ಆದರೆ ಕುಂದಾಪುರದಲ್ಲೂ ಕಾರ್ಕಳದಲ್ಲೂ ಗ್ಯಾರೇಜಿನವರು ಅದನ್ನು ಬಿಚ್ಚಿ ಕಟ್ಟಿಕೊಡುತ್ತಾರೆ. ರಬ್ಬರ್ ಟಾರ್ಷನ್ ಆಕ್ಸಲಿನಲ್ಲಿ ಚೌಕ ಕೊಳವೆಯೊಳಗೆ ಚೌಕ ಸರಳು, ನಾಲ್ಕು ಮೂಲೆಗೆ ರಬ್ಬರಿನ ಹುರಿ. ಸರಳು ತಿರುಚಿದಾಗ ರಬ್ಬರ್ ಒತ್ತಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಸದ್ದಿಲ್ಲ, ಗ್ರೀಸ್ ಬೇಡ, ನೆಲವೂ ತಗ್ಗಾಗುವುದರಿಂದ ಬೈಕ್ ಹತ್ತಿಸಲು ಸುಲಭ. ಕೆಟ್ಟರೆ ಪೂರ್ತಿ ಆಕ್ಸಲನ್ನೇ ಬದಲಿಸಬೇಕು. ನಾನಾದರೆ ಟಾರ್ಷನ್ ಆರಿಸುತ್ತೇನೆ. ಯಾವುದೇ ಇರಲಿ, ಕಾರಿನ ಸ್ಟೆಪ್ನಿ ಟ್ರೇಲರಿಗೂ ಆಗುವಂತೆ ಒಂದೇ ಅಳತೆಯ ಚಕ್ರ ಹಾಕಿಸಿ. ನಿಂತಾಗಲೆಲ್ಲ ಚಕ್ರದ ನಡುಭಾಗವನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಸುಡುವಷ್ಟು ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ.

ಘಾಟಿ

ಹತ್ತುವಾಗ ಎಂಜಿನ್ ಸಾಲದು ಎಂದು ಎಲ್ಲರೂ ಹೆದರುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಕಾರು, ಜನ, ಟ್ರೇಲರ್ ಎಲ್ಲ ಸೇರಿ 2,000 ಕೆ.ಜಿ. ಇರಲಿ, ನೂರು ಮೀಟರಿಗೆ ಏಳು ಮೀಟರ್ ಏರುವ ದಾರಿ, ಗಂಟೆಗೆ 30 ಕಿ.ಮೀ. ವೇಗ. ಏರಿಗೆ ಬೇಕಾದದ್ದು ಸುಮಾರು 15 ಅಶ್ವಶಕ್ತಿ. ನೂರು ಅಶ್ವಶಕ್ತಿಯ ಕಾರಿಗೆ ಅದೇನೂ ಅಲ್ಲ. ಸೋಲುವುದು ಕ್ಲಚ್. ತಿರುವಿನಲ್ಲಿ ಎದುರು ಬಸ್ಸು ಬಂದು ನಿಲ್ಲಿಸಿ, ಮತ್ತೆ ಹೊರಡುವಾಗ ಅರ್ಧ ಒತ್ತಿದ ಕ್ಲಚ್ ಸುಟ್ಟ ವಾಸನೆ ಬರುತ್ತದೆ.

ಇಳಿಯುವಾಗಿನ ಕಷ್ಟ ಇನ್ನೂ ದೊಡ್ಡದು. 540 ಕೆ.ಜಿ.ಯ ಟ್ರೇಲರ್ 500 ಮೀಟರ್ ಎತ್ತರದಿಂದ ಇಳಿದರೆ ಅದರ ಪಾಲಿನ ಶಕ್ತಿಯೇ ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಆ ಬಿಸಿಯೆಲ್ಲ ಕಾರಿನ ಬ್ರೇಕಿನ ಪಾಲಿಗೆ, ಅದೂ ಕಾರಿನ ಸ್ವಂತ ಬಿಸಿಯ ಮೇಲೆ. ಎರಡನೇ ಗೇರಿಗೆ ಇಳಿಸಿ ಎಂಜಿನ್ನಿಂದಲೇ ತಡೆಯುತ್ತ ಇಳಿಯಬೇಕು. ಓವರ್‌ರನ್ ಬ್ರೇಕ್ ಎಂಬ ಸರಳ ವ್ಯವಸ್ಥೆಯಲ್ಲಿ ಟ್ರೇಲರ್ ಕಾರನ್ನು ಹಿಂದಿನಿಂದ ತಳ್ಳಿದ ಒತ್ತಡವೇ ಸರಳಿನ ಮೂಲಕ ಟ್ರೇಲರಿನ ಚಕ್ರಗಳಿಗೆ ಬ್ರೇಕ್ ಹಾಕುತ್ತದೆ. ವಿದ್ಯುತ್ ಬೇಡ, ಸಣ್ಣ ಟ್ರೇಲರಿಗೆ ಅದು ಸಾಕು.

ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಟ್ರೇಲರ್ ಎಳೆದುಕೊಂಡು ನಾನು ಹತ್ತಲಾರೆ, ಇತರರಿಗೂ ಬೇಡ ಎನ್ನುತ್ತೇನೆ. ಭಾರಿ ವಾಹನಗಳನ್ನು ಆ ದಾರಿಗೆ ಬಿಡದಿರಲು ಕಾರಣ ಅದರ ಇಕ್ಕಟ್ಟು. ತಿರುವಿನಲ್ಲಿ ಟ್ರೇಲರಿನ ಚಕ್ರ ಕಾರಿನ ಚಕ್ರಕ್ಕಿಂತ ಒಳಗಿನಿಂದ ಹಾದುಹೋಗುತ್ತದೆ, ಎದುರಿನವರಿಗಾಗಿ ಹಿಂದೆ ಸರಿಯುವುದಂತೂ ದುಸ್ಸಾಧ್ಯ. ಹೆಬ್ರಿಯಲ್ಲಿ ಟ್ರೇಲರ್ ನಿಲ್ಲಿಸಿ, ಬೈಕ್ ಇಳಿಸಿ, ಬೈಕಿನಲ್ಲಿ ಮೇಲೆ ಹೋಗಿ ಬನ್ನಿ. ಟಾಯ್ ಹಾಲರ್ ಇರುವುದೇ ಇದಕ್ಕೆ.

ರಿವರ್ಸ್ ಕಲಿಯಲು ಕೊಯ್ಲಾದ ವಿಶಾಲ ಬಾಕಿಮಾರು ಗದ್ದೆಗಿಂತ ಒಳ್ಳೆಯ ಜಾಗವಿಲ್ಲ. ಸ್ಟೀರಿಂಗಿನ ಕೆಳಭಾಗ ಹಿಡಿದುಕೊಳ್ಳಿ. ಕೈ ಯಾವ ಕಡೆಗೆ ಹೋಗುತ್ತದೋ ಟ್ರೇಲರಿನ ಹಿಂಭಾಗವೂ ಆ ಕಡೆಗೆ ಹೋಗುತ್ತದೆ. ಟ್ರೇಲರ್ ಗಿಡ್ಡವಾದಷ್ಟೂ ಬೇಗ ಕಾರಿನ ಕಡೆಗೆ ಮಡಚಿಕೊಳ್ಳುತ್ತದೆ.

ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರಿಗೆ ಪ್ರತ್ಯೇಕ ವ್ಯಾಖ್ಯೆ ಇದೆ. ಮೋಟಾರು ವಾಹನ ಎಳೆಯುವ ಗಾಡಿಯೂ ನೋಂದಣಿಯಾಗಬೇಕು. ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ಅದೇ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಸಣ್ಣ ಕಾರುಗಳ ಕೈಪಿಡಿಯಲ್ಲಿ ಎಳೆಯುವ ತೂಕದ ಅಂಕಿಯೇ ಇರುವುದಿಲ್ಲ, ಕೆಲವದರಲ್ಲಿ ಟ್ರೇಲರ್ ಎಳೆಯಬೇಡಿ ಎಂದೇ ಬರೆದಿರುತ್ತದೆ. ಅದೇ ಹೆಸರಿನ ಕಾರು ಯುರೋಪಿನಲ್ಲಿ ಸಾವಿರ ಕೆ.ಜಿ. ಎಳೆಯುತ್ತದೆ ಎಂಬುದು ವಾರಂಟಿಗೂ ವಿಮೆಗೂ ಆಧಾರವಾಗದು. ಮುಂಗಡ ಕೊಡುವ ಮೊದಲು ಕೈಪಿಡಿ ಓದಿ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಟ್ರೇಲರ್, ಕೊಕ್ಕೆ ಎರಡರ ಬಗ್ಗೆಯೂ ಕೇಳಿ, ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಕೊಕ್ಕೆಯ ಗುಂಡು 50 ಮಿ.ಮೀ.ಯದ್ದಿದ್ದರೆ ಅದರ ಮೇಲೆ ಕೂರುವ ಟ್ರೇಲರಿನ ಕಪ್ಲರೂ ಅದೇ ಅಳತೆಯದ್ದಿರಬೇಕು. ಸುರಕ್ಷತೆಯ ಎರಡು ಸರಪಳಿಗಳನ್ನು ಕಪ್ಲರಿನ ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಕಟ್ಟಿ. ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ಕೂರುತ್ತದೆ.

ಹೊರಡುವ ಹಿಂದಿನ ದಿನ, ಎಲ್ಲ ಸಾಮಾನು ತುಂಬಿ, ನೀರು ತುಂಬಿ, ಬೈಕ್ ಕಟ್ಟಿ, ಒಂದು ವೇಬ್ರಿಡ್ಜಿಗೆ ಹೋಗಿ. ಮೊದಲು ಕಾರು ಟ್ರೇಲರ್ ಎರಡೂ, ಆಮೇಲೆ ಕಾರು ಮಾತ್ರ, ಕೊನೆಗೆ ಟ್ರೇಲರ್ ಬಿಚ್ಚಿ ಅದು ಮಾತ್ರ. ಮೂರು ಚೀಟಿಗೆ ಹೆಚ್ಚು ಖರ್ಚಿಲ್ಲ. ಗೆಳೆಯನ ಟ್ರೇಲರಿನ ಕಪಾಟಿನ ಒಳಬದಿಗೆ ಆ ಚೀಟಿಗಳು ಅಂಟಿಕೊಂಡಿವೆ. ಈಗ ಮಳೆಗಾಲವಾದ್ದರಿಂದ ಟ್ರೇಲರ್ ಅವನ ಮನೆಯ ಹಿಂದಿನ ಶೀಟಿನ ಮಾಡಿನ ಕೆಳಗಿದೆ. ಚಕ್ರ ನೆಲಕ್ಕೆ ತಾಗದಂತೆ ಆಕ್ಸಲಿನ ಅಡಿಗೆ ಕೆಂಪುಕಲ್ಲು ಕೊಟ್ಟಿದ್ದಾನೆ, ಮಾಡಿನ ನೀರು ನಿಲ್ಲದಂತೆ ಮೂತಿಯನ್ನು ಒಂದು ಗೇಣು ಎತ್ತರಿಸಿದ್ದಾನೆ, ಹಾಸಿಗೆ ಮನೆಯೊಳಗೆ ಒಯ್ದಿದ್ದಾನೆ. ಬಿಸಿಲು ಬಿದ್ದ ದಿನ ಅವನ ಅಮ್ಮ ಹೋಗಿ ಎರಡೂ ಕಿಟಕಿ ತೆರೆದಿಡುತ್ತಾರೆ, ಸಂಜೆ ಮೋಡ ಕವಿಯುವ ಮೊದಲು ಮುಚ್ಚುತ್ತಾರೆ.